ಕುಡಿದವನ ಜೊತೆ ಕುಡಿಸಿದವನೂ ಹೊಣೆ

(ವ್ಯಸನಮುಕ್ತ ದಿನಾಚರಣೆಯ ಅಂಗವಾಗಿ ಮಠದ ಅನುಭವ ಮಂಟಪದಲ್ಲಿ ವಕೀಲರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)



ಇಂದು ಆಗಸ್ಟ್ 1. ಇಳಕಲ್ಲ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು ಹುಟ್ಟಿದ ದಿನ. ಈ ದಿನವನ್ನು ನಮ್ಮ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಮಠಾಧಿಪತಿಯೆಂದರೆ ಭಕ್ತರ ಮನೆಗೆ ಹೋಗಿ ಕಾಣಿಕೆ ತರುವವರು ಎಂಬ ಭಾವನೆ ಇದ್ದ ಕಾಲದಲ್ಲಿ ಅವರು ಜೋಳಿಗೆ ಹಿಡಿದು ಬೀದಿಗೆ ಇಳಿದರು. ‘ಕಾಳು ಬೇಡ, ಕಾಸು ಬೇಡ, ನಿಮ್ಮ ಚಟವನ್ನು ಈ ಜೋಳಿಗೆಗೆ ಹಾಕಿ’ ಎಂದು ಕೇಳಿದರು. 2018ರಲ್ಲಿ ಅವರು ಲಿಂಗೈಕ್ಯರಾಗುವವರೆಗೂ ಆ ಜೋಳಿಗೆ ಹೆಗಲಿನಿಂದ ಇಳಿಯಲಿಲ್ಲ.

ಇಂಥ ಸಭೆಗಳಲ್ಲಿ ನಾವು ಸಾಮಾನ್ಯವಾಗಿ ಕುಡಿಯುವವನಿಗೆ ಬುದ್ಧಿ ಹೇಳುತ್ತೇವೆ. ಅವನು ಸಭೆಗೆ ಬಂದಿರುವುದಿಲ್ಲ. ಬಂದವರು ಅವನ ತಾಯಿ, ಹೆಂಡತಿ, ಮಕ್ಕಳು. ಅವರು ನಮ್ಮ ಭಾಷಣ ಕೇಳಿ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ. ಆದ್ದರಿಂದ ಇವತ್ತು ನಾನು ಕುಡಿಯುವವನನ್ನು ಸ್ವಲ್ಪ ಬದಿಗಿಟ್ಟು, ಅವನ ಕೈಗೆ ಕೊಡುವವನ ಬಗ್ಗೆ ಮಾತಾಡಬೇಕೆಂದಿದ್ದೇನೆ. ಮಾರುವವ, ತರಿಸುವವ, ಹಂಚುವವ, ಮದುವೆಯ ಚಪ್ಪರದ ಹಿಂದೆ ಗ್ಲಾಸು ತುಂಬುವವ. ಅವನಿಗೆ ಕಾನೂನು ಏನು ಹೇಳುತ್ತದೆ, ಶರಣಧರ್ಮ ಏನು ಹೇಳುತ್ತದೆ?

ನಾನು ಈ ವಿಷಯ ಆರಿಸಿಕೊಂಡದ್ದಕ್ಕೆ ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಅಪಘಾತದ ಪ್ರಕರಣವೊಂದು ನನ್ನ ಬಳಿ ಬಂತು. ಹದಿನೇಳು ವರ್ಷದ ಹುಡುಗ. ಬಂಧುಗಳ ಮದುವೆಗೆ ಹೋಗಿದ್ದ. ರಾತ್ರಿ ಬೈಕಿನಲ್ಲಿ ಹಿಂತಿರುಗುವಾಗ ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರಿಗೆ ಡಿಕ್ಕಿ ಹೊಡೆದು ತೀರಿಕೊಂಡ. ಹೊಟ್ಟೆಯಲ್ಲಿ ಮದ್ಯವಿತ್ತು ಎಂದು ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ಬರೆದಿತ್ತು. ಟ್ರೇಲರಿನ ಹಿಂದೆ ದೀಪವಿತ್ತೇ, ಇರಲಿಲ್ಲವೇ, ವಿಮೆ ಚಾಲ್ತಿಯಲ್ಲಿತ್ತೇ, ಇವೆಲ್ಲದರ ಬಗ್ಗೆ ನಾವು ವಕೀಲರು ವರ್ಷಗಟ್ಟಲೆ ವಾದಿಸಿದೆವು. ಒಂದು ದಿನ ಕೋರ್ಟಿನ ಜಗುಲಿಯಲ್ಲಿ ಆ ಹುಡುಗನ ತಾಯಿ ನನ್ನನ್ನು ಕೇಳಿದಳು: ‘ಸಾಹೇಬರ, ನನ್ನ ಮಗಗ ಅದನ್ನ ಕೊಟ್ಟವರು ಯಾರು ಅಂತ ಯಾರೂ ಯಾಕ ಕೇಳವಲ್ಲರು?’

ನನ್ನ ಬಳಿ ಉತ್ತರವಿರಲಿಲ್ಲ. ಕಡತವನ್ನು ಮತ್ತೆ ತೆರೆದು ನೋಡಿದೆ. ಅಷ್ಟೂ ಸಾಕ್ಷಿಗಳ ಹೇಳಿಕೆಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಕೇಳಬೇಕಾದವರಲ್ಲಿ ನಾನೂ ಒಬ್ಬ. ಆ ತಾಯಿಗೆ ಕೊಡದ ಉತ್ತರವನ್ನೇ ಇವತ್ತು ನಿಮ್ಮ ಮುಂದೆ ಹೇಳಲು ಪ್ರಯತ್ನಿಸುತ್ತೇನೆ.

ಮಕ್ಕಳ ಕೈಗೆ ಕೊಡುವವನು

ಮೊದಲು ಮಕ್ಕಳ ವಿಷಯ. ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಕಾನೂನೊಂದಿದೆ: 2015ರ ಬಾಲನ್ಯಾಯ ಕಾಯ್ದೆ. ಇದು ತಪ್ಪು ಮಾಡಿದ ಮಕ್ಕಳ ಕಾಯ್ದೆ ಎಂದಷ್ಟೇ ನಾವು ತಿಳಿದಿದ್ದೇವೆ. ಆದರೆ ಮಕ್ಕಳಿಗೆ ಅನ್ಯಾಯ ಮಾಡುವ ದೊಡ್ಡವರಿಗೂ ಅದರಲ್ಲಿ ಶಿಕ್ಷೆಗಳಿವೆ. ಅದರ 77ನೇ ಕಲಮಿನ ಪ್ರಕಾರ ವೈದ್ಯರ ಆದೇಶವಿಲ್ಲದೆ ಹದಿನೆಂಟು ತುಂಬದ ಮಗುವಿಗೆ ಮದ್ಯವನ್ನಾಗಲಿ, ಮಾದಕ ವಸ್ತುವನ್ನಾಗಲಿ, ತಂಬಾಕನ್ನಾಗಲಿ ಕೊಟ್ಟವನಿಗೆ ಅಥವಾ ಕೊಡಿಸಿದವನಿಗೆ ಏಳು ವರ್ಷದವರೆಗೆ ಕಠಿಣ ಕಾರಾಗೃಹ ಶಿಕ್ಷೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ. ‘ಮಾರಿದವನಿಗೆ’ ಎಂದಷ್ಟೇ ಕಾನೂನು ಹೇಳಿಲ್ಲ, ‘ಕೊಟ್ಟವನಿಗೆ’ ಎಂದಿದೆ. ದುಡ್ಡು ತೆಗೆದುಕೊಳ್ಳದೆ ಪ್ರೀತಿಯಿಂದ ಕೊಟ್ಟರೂ ಅದು ಅಪರಾಧವೇ. ಜಾತ್ರೆಯಲ್ಲಿ, ಮದುವೆಯಲ್ಲಿ ‘ಗಂಡಸಾಗಲೋ’ ಎಂದು ಅಳಿಯನಿಗೋ ತಮ್ಮನ ಮಗನಿಗೋ ಒಂದು ಗುಟುಕು ಕುಡಿಸುವ ಮಾವಂದಿರು, ಚಿಕ್ಕಪ್ಪಂದಿರು ಇದನ್ನು ಕಿವಿಗೊಟ್ಟು ಕೇಳಬೇಕು.

ಅದರ ಮುಂದಿನ 78ನೇ ಕಲಂ ಇನ್ನೂ ಮನೆಯ ಹತ್ತಿರ ಬರುತ್ತದೆ. ಮದ್ಯ ಮಾರಲು, ಹೊರಲು, ಪೂರೈಸಲು ಮಗುವನ್ನು ಬಳಸಿದವನಿಗೂ ಅಷ್ಟೇ ಶಿಕ್ಷೆ. ‘ಹೋಗಲೇ, ಒಂದು ಪ್ಯಾಕೆಟ್ ತಗೊಂಬಾ’ ಎಂದು ಮಗನ ಕೈಗೆ ನೋಟು ಕೊಡುವ ತಂದೆ ಎಷ್ಟು ಜನ! ಆ ಹುಡುಗ ಶಾಲೆಯ ಸಮವಸ್ತ್ರದಲ್ಲೇ ಅಂಗಡಿಯ ಕಟಾಂಜನದ ಮುಂದೆ ನಿಂತಿರುತ್ತಾನೆ. ಅವನಿಗೆ ಕೊಡಬಾರದು ಎಂಬುದು ಅಂಗಡಿಯವನಿಗೆ ಗೊತ್ತು. ಕಳಿಸಬಾರದು ಎಂಬುದು ತಂದೆಗೂ ಒಳಗೊಳಗೇ ಗೊತ್ತು. ಈ ಇಬ್ಬರ ನಡುವೆ ಆ ಮಗು ಮೊದಲ ಪಾಠ ಕಲಿಯುತ್ತದೆ.

ನಮ್ಮ ರಾಜ್ಯದ ಕಾನೂನಿಗೆ ಬರೋಣ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 36ನೇ ಕಲಂ ಸನ್ನದುದಾರನ ದುರ್ವರ್ತನೆಗೆ ಶಿಕ್ಷೆ ಹೇಳುತ್ತದೆ. ಹದಿನೆಂಟು ತುಂಬದವರಿಗೆ ಮದ್ಯ ಕೊಡುವುದು ಅಲ್ಲಿ ಅಪರಾಧ. 1967ರ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 21 ವರ್ಷ ಎಂದಿವೆ. 2023ರ ಜನವರಿಯಲ್ಲಿ ಈ 21ನ್ನು 18ಕ್ಕೆ ಇಳಿಸುವ ಕರಡು ಹೊರಬಂತು. ಕಾಯ್ದೆಗೂ ನಿಯಮಕ್ಕೂ ಹೊಂದಿಕೆಯಾಗಲಿ ಎಂಬ ಸಮಜಾಯಿಷಿ ಕೇಳಿಬಂತು. ಹೊಂದಿಸಬೇಕಿದ್ದರೆ ಕಾಯ್ದೆಯ 18ನ್ನು 21ಕ್ಕೆ ಏರಿಸಬಹುದಿತ್ತಲ್ಲ! ಜನರು ಎದ್ದು ವಿರೋಧಿಸಿದರು, ಸರ್ಕಾರ ಕರಡನ್ನು ಹಿಂತೆಗೆದುಕೊಂಡಿತು. ಜನ ಬಾಯಿ ತೆರೆದರೆ ಕೆಲಸವಾಗುತ್ತದೆ ಎಂಬುದಕ್ಕೆ ಇದು ಇತ್ತೀಚಿನ ಉದಾಹರಣೆ.

ಸನ್ನದು ಎಂದರೆ ಹಕ್ಕಲ್ಲ

ಬಾರಿನವರು ‘ನಮಗೆ ಲೈಸೆನ್ಸ್ ಇದೆ’ ಎನ್ನುತ್ತಾರೆ. ಇದೆ, ನಿಜ. ಆದರೆ ಸನ್ನದು ಎಂದರೆ ಷರತ್ತುಗಳ ಕಟ್ಟು. ಸಿಎಲ್-2 ಎಂದರೆ ಬಾಟಲಿ ಮಾರುವ ಅಂಗಡಿ. ಅಲ್ಲೇ ಕೂರಿಸಿ ಕುಡಿಸುವಂತಿಲ್ಲ. ಕೂತು ಕುಡಿಯುವ ಬಾರ್ ಸಿಎಲ್-9. ವಸತಿಗೃಹದ ಬಾರ್ ಸಿಎಲ್-7. ನಿಮ್ಮೂರಿನ ವೈನ್ ಶಾಪಿನ ಹಿಂದೆ ತಗಡು ಹೊದಿಸಿ, ಬೆಂಚು ಹಾಕಿ, ನೀರು, ಶೇಂಗಾ ಕೊಡುತ್ತಿದ್ದರೆ ಅದು ಷರತ್ತಿನ ಉಲ್ಲಂಘನೆ. ಅಂಥ ಸನ್ನದನ್ನು ಅಮಾನತು ಮಾಡುವ, ರದ್ದು ಮಾಡುವ ಅಧಿಕಾರವನ್ನು ಕಾಯ್ದೆ ಅಧಿಕಾರಿಗಳಿಗೆ ಕೊಟ್ಟಿದೆ. ಶಾಲೆ, ಆಸ್ಪತ್ರೆ, ಧಾರ್ಮಿಕ ಸಂಸ್ಥೆ, ಸರ್ಕಾರಿ ಕಚೇರಿಗಳಿಂದ 100 ಮೀಟರ್ ಒಳಗೆ ಮದ್ಯದ ಅಂಗಡಿಗೆ ಸನ್ನದು ಕೊಡಬಾರದೆಂದು ನಿಯಮವಿದೆ. ಹೆದ್ದಾರಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ 500 ಮೀಟರ್ ಅಂತರವನ್ನು ವಿಧಿಸಿತು. ಮರುವರ್ಷ ಮಾರ್ಚಿನಲ್ಲಿ 20,000 ಜನಸಂಖ್ಯೆಯವರೆಗಿನ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು. ಜುಲೈನಲ್ಲಿ ಪಟ್ಟಣ, ನಗರಗಳ ಮಿತಿಯೊಳಗಿನ ಅಂಗಡಿಗಳಿಗೆ ಆ ಆದೇಶ ಅನ್ವಯಿಸದು ಎಂದಿತು. ಒಂದೇ ವರ್ಷದೊಳಗೆ ಅಂತರ ಹೇಗೆ ಕರಗಿತು ನೋಡಿ.

ಆದರೆ ಹಳ್ಳಿಯ ದೊಡ್ಡ ಪಿಡುಗು ಬಾರ್ ಅಲ್ಲ, ಕಿರಾಣಿ ಅಂಗಡಿ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅಂದು ಎಷ್ಟೋ ತಾಯಂದಿರು ದೀಪ ಹಚ್ಚಿದರು. ಸಾರಾಯಿ ಹೋಯಿತು, ಅದರ ಜಾಗಕ್ಕೆ ಅಗ್ಗದ ದೇಶೀ ತಯಾರಿಕೆಯ ಮದ್ಯದ ಸಣ್ಣ ಪ್ಯಾಕೆಟ್ ಬಂತು. ಪೇಟೆಯ ವೈನ್ ಶಾಪಿನಿಂದ ಪೆಟ್ಟಿಗೆಗಟ್ಟಲೆ ಬೈಕಿನಲ್ಲಿ ಹೊರಟು ಹಳ್ಳಿಯ ಬೀಡಿ ಅಂಗಡಿಗೆ, ಚಹದಂಗಡಿಗೆ, ಯಾರದೋ ಮನೆಯ ಹಿತ್ತಲಿಗೆ ಸೇರುತ್ತದೆ. ಬೆಳಗಿನ ಜಾವವೇ ಸಿಗುತ್ತದೆ, ಉದ್ರಿಯಲ್ಲೂ ಸಿಗುತ್ತದೆ. ಕೂಲಿ ಬರುವ ಮೊದಲೇ ಕೂಲಿ ಕರಗಿರುತ್ತದೆ.

ಇದು ಕಾನೂನಿಗೆ ಸಂಪೂರ್ಣ ವಿರುದ್ಧ. ಸನ್ನದಿಲ್ಲದೆ ಮಾರುವುದು, ಮಾರಲು ಇಟ್ಟುಕೊಳ್ಳುವುದು ಅಬಕಾರಿ ಕಾಯ್ದೆಯ 32 ಮತ್ತು 34ನೇ ಕಲಮಿನ ಅಪರಾಧ. ಸಾರ್ವಜನಿಕ ಸ್ಥಳದಲ್ಲಿ ಕುಡಿಯುವುದನ್ನು 15-ಎ ಕಲಂ ನಿಷೇಧಿಸುತ್ತದೆ. ಪ್ರಕರಣಗಳೂ ದಾಖಲಾಗುತ್ತವೆ. ಆದರೆ ನನ್ನ ಅನುಭವ ಹೇಳುತ್ತೇನೆ: ಸಿಕ್ಕಿಬೀಳುವವನು ಹತ್ತು ಪ್ಯಾಕೆಟ್ ಇಟ್ಟುಕೊಂಡ ಬಡ ಅಂಗಡಿಯವನು, ಕೆಲವೊಮ್ಮೆ ಗಂಡ ಸತ್ತು ದಿಕ್ಕಿಲ್ಲದೆ ಕೂತ ಹೆಣ್ಣುಮಗಳು. ಪೆಟ್ಟಿಗೆ ಕಳಿಸಿದವನ ಹೆಸರು ಕಡತದಲ್ಲಿ ಬರುವುದು ಅಪರೂಪ. ನೀವು ದೂರು ಕೊಡುವಾಗ ‘ಇಂಥ ಅಂಗಡಿಯಲ್ಲಿ ಮಾರುತ್ತಾರೆ’ ಎಂದು ನಿಲ್ಲಿಸಬೇಡಿ. ‘ಇದು ಎಲ್ಲಿಂದ ಬಂತು ಎಂಬುದನ್ನೂ ತನಿಖೆ ಮಾಡಿ’ ಎಂದು ಬರೆಯಿರಿ. ಪ್ಯಾಕೆಟ್ ಮೇಲೆ ಬ್ಯಾಚ್ ಸಂಖ್ಯೆ ಇರುತ್ತದೆ, ಅದನ್ನು ದೂರಿನಲ್ಲಿ ಸೇರಿಸಿ. ಬೇರಿಗೆ ಕೈ ಹಾಕದೆ ಎಲೆ ಕಿತ್ತರೆ ಮುಂದಿನ ವಾರ ಮತ್ತೆ ಚಿಗುರುತ್ತದೆ.

ಲೆಕ್ಕಕ್ಕೆ ಸಿಗದ ಸರಕು ಎಲ್ಲಿಗೆ ಮುಟ್ಟಿಸುತ್ತದೆ ಎಂಬುದನ್ನೂ ನಾವು ನೋಡಿದ್ದೇವೆ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ನಿಷೇಧವಾದ ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತ ಮತ್ತು ತಮಿಳುನಾಡಿನ ಗಡಿಯಲ್ಲಿ ಮತ್ತೆ ನೂರಕ್ಕೂ ಹೆಚ್ಚು ಜನ ಸತ್ತರು. ಎರಡೂ ಸಲ ಮಿಥೈಲ್ ಆಲ್ಕೋಹಾಲ್ ಬೆರೆತಿತ್ತು. ಸತ್ತವರು ದಿನಗೂಲಿಯವರು.

ಮನೆಯ ಯಜಮಾನನ ಹೊಣೆ

ಇನ್ನು ಮದುವೆಯ ಚಪ್ಪರಕ್ಕೆ ಬರೋಣ. ವಯಸ್ಕ ಅತಿಥಿಗೆ ಮಿತಿಮೀರಿ ಕುಡಿಸಿ, ಅವನನ್ನು ಬೈಕು ಹತ್ತಿಸಿ ಕಳಿಸಿದ ಯಜಮಾನನಿಗೆ ನಮ್ಮಲ್ಲಿ ಪ್ರತ್ಯೇಕ ಶಿಕ್ಷೆಯಿಲ್ಲ. ಓಡಿಸಿದವನಿಗೆ ಇದೆ: ಮೋಟಾರು ವಾಹನ ಕಾಯ್ದೆಯ 185ನೇ ಕಲಂ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಮೊದಲ ಸಲ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕುಡಿಸಿದವನು ಮಾತ್ರ ಕೈತೊಳೆದುಕೊಂಡು ಊಟಕ್ಕೆ ಕೂರುತ್ತಾನೆ.

ಬೇರೆ ದೇಶಗಳು ಈ ಪ್ರಶ್ನೆಯನ್ನು ಕೇಳಿಕೊಂಡಿವೆ. ಕೆನಡಾದಲ್ಲಿ ಒಂದು ಹೋಟೆಲಿನವರು ತಮ್ಮ ಕಾಯಂ ಗಿರಾಕಿಗೆ ಅವನ ಸ್ಥಿತಿ ಗೊತ್ತಿದ್ದೂ ಕುಡಿಸಿ, ಅಮಲೇರಿದ ಮೇಲೆ ರಾತ್ರಿ ಹೊರಗೆ ದಬ್ಬಿದರು. ಅವನು ಹೆದ್ದಾರಿಯಲ್ಲಿ ನಡೆದು ಹೋಗುವಾಗ ಕಾರು ಬಡಿಯಿತು. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಹೊಣೆಯಲ್ಲಿ ಮೂರು ಪಾಲು. ಒಂದು ಕುಡಿದವನದು, ಒಂದು ಕಾರಿನವನದು, ಒಂದು ಹೋಟೆಲಿನವರದು. ಈ ಮೂರು ಪಾಲಿನ ಲೆಕ್ಕ ನನಗೆ ಬಹಳ ಹಿಡಿಸಿತು. ಕುಡಿದವನ ತಪ್ಪನ್ನು ಅದು ಮನ್ನಿಸಲಿಲ್ಲ, ಆದರೆ ಎಲ್ಲವನ್ನೂ ಅವನೊಬ್ಬನ ತಲೆಗೆ ಕಟ್ಟಲೂ ಇಲ್ಲ.

ನಮ್ಮ ದೇಶದಲ್ಲೂ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಕಂಡಿದೆ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳು ವರ್ಷದ ಹುಡುಗ ಓಡಿಸುತ್ತಿದ್ದ ದುಬಾರಿ ಕಾರು ಬಡಿದು ಇಬ್ಬರು ಯುವ ಎಂಜಿನಿಯರುಗಳು ಸತ್ತದ್ದು ನಿಮಗೆ ನೆನಪಿರಬಹುದು. ಆಗ ಪೊಲೀಸರು ಹುಡುಗನ ತಂದೆಯ ಜೊತೆಗೆ ಅವನಿಗೆ ಮದ್ಯ ಕೊಟ್ಟ ಆರೋಪದ ಮೇಲೆ ಬಾರಿನವರನ್ನೂ ಬಂಧಿಸಿದರು. ನಾನು ಮೊದಲು ಹೇಳಿದ 77ನೇ ಕಲಂ ಆ ಪ್ರಕರಣದಲ್ಲಿ ಬಂತು. ಕಾನೂನು ಎಲ್ಲೋ ಹೊಸದಾಗಿ ಹುಟ್ಟಿ ಬರಲಿಲ್ಲ, ಮೊದಲಿನಿಂದಲೂ ಇತ್ತು. ದೊಡ್ಡ ಕಾರು, ದೊಡ್ಡ ಸುದ್ದಿ ಆದ್ದರಿಂದ ಅದನ್ನು ಕಡತದಿಂದ ತೆಗೆದರು. ಟ್ರ್ಯಾಕ್ಟರಿಗೆ ಬಡಿದು ಸತ್ತ ನಮ್ಮ ಹುಡುಗನಿಗೆ ತೆಗೆಯಲಿಲ್ಲ.

ಚುನಾವಣೆಯ ಮಾತು ಒಂದೇ ವಾಕ್ಯದಲ್ಲಿ ಮುಗಿಸುತ್ತೇನೆ: ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆಗಳಲ್ಲಿ ಮತಕ್ಷೇತ್ರದಲ್ಲಿ ಮದ್ಯ ಮಾರುವುದು, ಕೊಡುವುದು, ಹಂಚುವುದು ಪ್ರಜಾಪ್ರತಿನಿಧಿ ಕಾಯ್ದೆಯ 135-ಸಿ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಸೆರೆ ಇಲ್ಲವೇ 2,000 ರೂಪಾಯಿವರೆಗೆ ದಂಡ ಇಲ್ಲವೇ ಎರಡೂ. ಒಂದು ಓಟಿಗೆ ಒಂದು ಬಾಟಲಿ ಹಂಚುವವನಿಗೆ ಇಂದಿನ ಕಾಲದಲ್ಲಿ 2,000 ರೂಪಾಯಿ ಏನು ಲೆಕ್ಕ ಎಂದು ನೀವೇ ಯೋಚಿಸಿ.

ಹೆಂಡದ ಮಾರಯ್ಯನ ಅಂಗಡಿ

ಕಾನೂನು ಇಷ್ಟು ಹೇಳುತ್ತದೆ. ಶರಣರು ಏನು ಹೇಳುತ್ತಾರೆ? ಈ ಪ್ರಶ್ನೆ ಬಂದಾಗ ನನಗೆ ನೆನಪಾಗುವವನು ಹೆಂಡದ ಮಾರಯ್ಯ. ಕಲ್ಯಾಣದ ಶರಣರಲ್ಲಿ ಒಬ್ಬ. ‘ಧರ್ಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ವಚನ ಬರೆದವನು. ಹೆಸರೇ ಹೇಳುವಂತೆ ಅವನ ಕಸುಬು ಹೆಂಡ ಮಾರುವುದು. ಬಸವಣ್ಣನವರ ಅನುಭವ ಮಂಟಪ ಅವನನ್ನು ಬಾಗಿಲಲ್ಲಿ ತಡೆಯಲಿಲ್ಲ. ಹಾಗೆಂದು ಅವನು ಬಂದ ಹಾಗೆಯೇ ಉಳಿಯಲೂ ಇಲ್ಲ. ತನ್ನ ಮಡಕೆ, ಹೆಂಡ, ಅಮಲು ಇವುಗಳನ್ನೇ ಮಾತಾಗಿಸಿಕೊಂಡು, ಮನುಷ್ಯನಿಗೆ ಏರುವ ನಿಜವಾದ ಅಮಲು ಯಾವುದು, ಅದನ್ನು ಇಳಿಸಿಕೊಳ್ಳುವುದು ಹೇಗೆ ಎಂದು ಹೇಳಿದ. ಗಿರಾಕಿಯ ಮುಂದೆ ಕೂತೇ ಗಿರಾಕಿಯ ಹಿತ ಯೋಚಿಸಿದ ಮಾರಾಟಗಾರ ಅವನು.

ಇದರಿಂದ ನಾವು ಎರಡು ಪಾಠ ಕಲಿಯಬೇಕು. ಒಂದು, ಕಸುಬಿನ ಕಾರಣಕ್ಕೆ ಯಾರನ್ನೂ ಹೀಗಳೆಯಬಾರದು. ಈಡಿಗ, ಕಲಾಲ ಬಂಧುಗಳನ್ನು ಕಸುಬಿನ ಹೆಸರಿನಲ್ಲಿ ದೂರವಿಟ್ಟ ಸಮಾಜ ನಮ್ಮದು. ಇಂದು ಸನ್ನದು ಹಿಡಿದು ಕೂತವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ, ಕೊರಳಲ್ಲಿ ಇಷ್ಟಲಿಂಗ ಇರುವವರೂ ಇದ್ದಾರೆ. ಎರಡನೆಯದು, ಕಾಯಕ ಎಂಬ ಮಾತನ್ನು ನಾವು ಅಗ್ಗವಾಗಿ ಬಳಸಬಾರದು. ದುಡಿಮೆಯೆಲ್ಲ ಕಾಯಕವಾಗದು. ದುಡಿಮೆ ಸತ್ಯಶುದ್ಧವಾಗಿರಬೇಕು, ಅದರ ಫಲ ದಾಸೋಹಕ್ಕೆ ಸಲ್ಲುವಂತಿರಬೇಕು. ಹುಡುಗನಿಗೆ ಕೊಟ್ಟ ಪ್ಯಾಕೆಟ್ಟಿನ ಲಾಭ ಯಾವ ದಾಸೋಹಕ್ಕೆ ಸಲ್ಲುತ್ತದೆ?

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಪೂಜ್ಯರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ. ನಮ್ಮ ಸಮುದಾಯ ಭವನಗಳ, ಪ್ರಸಾದ ನಿಲಯಗಳ ಗೋಡೆಯ ಮೇಲೆ ದಾನಿಗಳ ಹೆಸರಿನ ಕಲ್ಲುಗಳಿವೆ. ಅವುಗಳಲ್ಲಿ ಕೆಲವು ಹೆಸರುಗಳ ಹಿಂದೆ ಯಾವ ವ್ಯಾಪಾರವಿದೆ ಎಂದು ಊರಿಗೆಲ್ಲ ಗೊತ್ತು. ಹಳ್ಳಿ ಹಳ್ಳಿಗೆ ಪೆಟ್ಟಿಗೆ ಕಳಿಸಿದ ದುಡ್ಡಿನ ಒಂದು ಪಾಲು ಜಾತ್ರೆಯ ಪ್ರಸಾದವಾಗಿ ಅದೇ ಹಳ್ಳಿಯ ಮಕ್ಕಳ ತಟ್ಟೆಗೆ ಬರುತ್ತದೆ. ತಂದೆಯ ಕೂಲಿ ಕಸಿದುಕೊಂಡು ಮಗನಿಗೆ ಹುಗ್ಗಿ ಬಡಿಸಿದಂತೆ ಇದು.

ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆಲ್ಲ ಗೊತ್ತು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಅವನ ಮಡದಿ ಲಕ್ಕಮ್ಮ ಕಂಡೊಡನೆ ತಡೆದಳು, ಹೆಚ್ಚಿನದನ್ನು ಇದ್ದಲ್ಲೇ ಸುರಿದು ಬಾ ಎಂದು ಕಳಿಸಿದಳು. ಅದು ಕದ್ದ ಅಕ್ಕಿಯೂ ಅಲ್ಲ, ಬರೀ ಅಗತ್ಯಕ್ಕೆ ಮೀರಿದ ಅಕ್ಕಿ. ಅಷ್ಟನ್ನೇ ಒಲ್ಲೆ ಎಂದ ಲಕ್ಕಮ್ಮ ಇಂದು ನಮ್ಮ ಕಾಣಿಕೆ ಡಬ್ಬಿಯ ಪಕ್ಕ ನಿಂತಿದ್ದರೆ ಏನೆನ್ನುತ್ತಿದ್ದಳು?

ಸರ್ಕಾರಕ್ಕೂ ಇದೇ ಪ್ರಶ್ನೆ. ಮದ್ಯಪಾನ ನಿಷೇಧದತ್ತ ರಾಜ್ಯ ಪ್ರಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. 2025-26ರ ಬಜೆಟ್ಟಿನಲ್ಲಿ ನಮ್ಮ ರಾಜ್ಯದ ಅಬಕಾರಿ ವರಮಾನದ ಗುರಿ 40,000 ಕೋಟಿ ರೂಪಾಯಿ. ಗುರಿ ಮುಟ್ಟಬೇಕಾದ ಇಲಾಖೆಯೇ ಮಾರಾಟದ ಮೇಲೆ ಕಣ್ಣಿಡಬೇಕು ಎಂದರೆ ಆ ಕಣ್ಣು ಎಷ್ಟು ತೆರೆದಿರುತ್ತದೆ? 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋಗಿ ಕೇಳಿದ್ದು ಇದನ್ನೇ. ಅವರಲ್ಲಿ ಹೆಚ್ಚಿನವರು ಕೂಲಿ ಮಾಡುವ ತಾಯಂದಿರು. ಕಾಲು ಬೊಬ್ಬೆ ಬಂದರೂ ನಿಲ್ಲಲಿಲ್ಲ. ಪಂಚಾಚಾರಗಳಲ್ಲಿ ಗಣಾಚಾರ ಒಂದು ಎಂದು ನಾವು ಬಾಯಿಪಾಠ ಹೇಳುತ್ತೇವೆ. ಸಮಾಜಕ್ಕೆ ಅನ್ಯಾಯವಾದಾಗ ಸಹಿಸದೆ ಎದ್ದು ನಿಲ್ಲುವುದು ಗಣಾಚಾರವಾದರೆ, ಅದನ್ನು ಆಚರಿಸಿ ತೋರಿಸಿದವರು ಆ ತಾಯಂದಿರು.

ಇವತ್ತೇ ಮಾಡಬಹುದಾದದ್ದು

ಕೊನೆಗೆ, ಸಭೆ ಮುಗಿಸಿ ಎದ್ದು ಹೋಗುವ ಮುನ್ನ ನಾಲ್ಕು ನಿರ್ಧಾರ ಮಾಡೋಣ ಎಂದು ಕೈಮುಗಿದು ಕೇಳುತ್ತೇನೆ.

ಮೊದಲನೆಯದು, ನಮ್ಮ ಮನೆಯ ಯಾವ ಮಗುವನ್ನೂ ಮದ್ಯವಾಗಲಿ, ಗುಟ್ಕಾ ಆಗಲಿ ತರಲು ಕಳಿಸುವುದಿಲ್ಲ. ಕಳಿಸುವವರನ್ನು ಕಂಡರೆ ಸುಮ್ಮನಿರುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸುತ್ತೇವೆ.

ಎರಡನೆಯದು, ನಮ್ಮ ಮನೆಯ ಮದುವೆ, ಗೃಹಪ್ರವೇಶ, ನಿವೃತ್ತಿಯ ಸಮಾರಂಭಗಳಲ್ಲಿ ಚಪ್ಪರದ ಮುಂದೆ ವಚನ, ಚಪ್ಪರದ ಹಿಂದೆ ಬಾಟಲಿ ಎಂಬ ಇಬ್ಬಗೆ ನಿಲ್ಲಿಸುತ್ತೇವೆ. ‘ನೆಂಟರು ಏನಂದಾರು’ ಎಂಬ ಅಂಜಿಕೆಗಿಂತ ಅವರು ಸುಖವಾಗಿ ಮನೆ ಮುಟ್ಟುವುದು ದೊಡ್ಡದು.

ಮೂರನೆಯದು, ಊರಿನಲ್ಲಿ ಸನ್ನದಿಲ್ಲದೆ ಮಾರುವ ಜಾಗಗಳ ಬಗ್ಗೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಅದರ ಪ್ರತಿಯನ್ನು ತಾಲ್ಲೂಕಿನ ಅಬಕಾರಿ ನಿರೀಕ್ಷಕರಿಗೆ, ಜಿಲ್ಲೆಯ ಅಬಕಾರಿ ಉಪ ಆಯುಕ್ತರಿಗೆ, ಪೊಲೀಸ್ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯುತ್ತೇವೆ. ಒಬ್ಬರೇ ಹೋದರೆ ಹಗೆ ಕಟ್ಟಿಕೊಂಡ ಹಾಗಾಗುತ್ತದೆ. ಬಸವ ಕೇಂದ್ರ, ಅಕ್ಕನ ಬಳಗ, ಸ್ತ್ರೀಶಕ್ತಿ ಸಂಘ ಸೇರಿ ಹೋದರೆ ಅದು ಊರಿನ ಮಾತಾಗುತ್ತದೆ. ಮಾರಿಯೇ ಹೊಟ್ಟೆ ಹೊರೆಯುತ್ತಿರುವ ಬಡವರಿದ್ದರೆ ಅವರಿಗೆ ಬೇರೆ ದುಡಿಮೆಯ ದಾರಿ ತೋರಿಸುವುದೂ ನಮ್ಮ ಹೊಣೆ.

ನಾಲ್ಕನೆಯದು ಮಠಗಳಿಗೆ, ಟ್ರಸ್ಟುಗಳಿಗೆ ನನ್ನ ಬಿನ್ನಹ. ಕಾಣಿಕೆ ಪಡೆಯುವ ಮೊದಲು ಅದು ಎಲ್ಲಿಂದ ಬಂತೆಂದು ಕೇಳೋಣ. ಇದರಿಂದ ಒಂದು ಕಟ್ಟಡ ಎರಡು ವರ್ಷ ತಡವಾಗಬಹುದು. ಆಗಲಿ.

ಇಷ್ಟೆಲ್ಲ ಹೇಳಿದ ಮೇಲೂ ಕುಡಿಯುವವನನ್ನು ಮರೆಯುವಂತಿಲ್ಲ. ಅವನು ನಮ್ಮವನೇ. ಬಹಳ ಕುಡಿಯುವವನನ್ನು ಒಮ್ಮೆಗೇ ಬಿಡಿಸಿ ಕೋಣೆಯಲ್ಲಿ ಕೂಡಿಹಾಕಬೇಡಿ. ಮೈ ನಡುಗಿ, ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು. ವೈದ್ಯರ ಬಳಿ ಕರೆದೊಯ್ಯಿರಿ. ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446 ಇದೆ, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416 ಇದೆ. ಜೋಳಿಗೆಗೆ ಚಟ ಹಾಕಿದವನ ಕೈಯನ್ನು ಮಹಾಂತ ಶಿವಯೋಗಿಗಳು ಹಿಡಿದುಕೊಂಡರು. ಆ ಕೈಯನ್ನು ನಾವೂ ಹಿಡಿಯೋಣ.

ಆ ತಾಯಿ ಈಗಲೂ ನಮ್ಮ ಪೇಟೆಯ ಸಂತೆಯಲ್ಲಿ ತರಕಾರಿ ಮಾರುತ್ತಾಳೆ. ಕಂಡಾಗ ‘ಆರಾಮ ಇದ್ದೀರೇನ್ರಿ’ ಎನ್ನುತ್ತಾಳೆ, ಹಳೆಯ ಪ್ರಶ್ನೆ ಮತ್ತೆ ಕೇಳಿಲ್ಲ. ಕೇಳಿದರೆ ಈಗ ನಾನು ಹೇಳಬೇಕಾದ ಉತ್ತರ ಇದು: ‘ತಾಯಿ, ಕೊಟ್ಟವರು ಯಾರು ಎಂದು ಕೇಳುವ ಕಾನೂನು ಇತ್ತು. ಕೇಳಬೇಕಾದ ನಾವು ಸುಮ್ಮನಿದ್ದೆವು.’ ಇನ್ನು ಮುಂದಾದರೂ ಸುಮ್ಮನಿರದಿರೋಣ.